ಅಮರೇಶನ ನಾಡಿ

ಅಮರೇಶನ ನಾಡಿ ನಿಮಿಷಕ್ಕೆ ಮೂವತ್ನಾಲ್ಕಕ್ಕೆ ಇಳಿದಿದೆ ಎಂಬ ಸುದ್ದಿ ಬೆಳಗಿನ ಗಂಜಿಯ ಜೊತೆಗೇ ಆಶ್ರಮದ ತುಂಬ ಹರಡಿತು. ಪ್ರಾಣಾಯಾಮ ಸಿದ್ಧಿಸಿತು ಅಂದರು. ಅಷ್ಟೇ ಅಲ್ಲ, ಇಬ್ಬರು ಅವನ ಕಾಲಿಗೂ ಬಿದ್ದಾಗಿತ್ತು!

ಅವನು ಹೊಳೆದಂಡೆಗೆ ಬಂದು ಗುರು ಚಿದ್ಘನರ ಮುಂದೆ ಕೈ ಚಾಚಿದ. ಅವರು ಪೂರ್ವಾಶ್ರಮದಲ್ಲಿ ವೈದ್ಯರಾಗಿದ್ದವರು.

“ನೋಡಿ ಗುರುಗಳೇ. ಹೃದಯ ನನ್ನ ಮಾತು ಕೇಳುತ್ತಿದೆ.”

ಗುರುಗಳು ಮಣಿಕಟ್ಟು ಹಿಡಿದರು. ಮುಖದ ನಗು ಇಳಿಯಿತು.

“ತಲೆ ಸುತ್ತುತ್ತದೆಯೇ?”

“ಆಗಾಗ. ಸಮಾಧಿಯ ಹೊಸ್ತಿಲಿರಬೇಕು.”

“ನಿನ್ನೆ ಬಾವಿಕಟ್ಟೆಯ ಹತ್ತಿರ ಬಿದ್ದೆಯಂತೆ?”

“ಬೀಳಲಿಲ್ಲ. ದೇಹದ ಅರಿವು ತಪ್ಪಿತು, ಅಷ್ಟೇ.”

“ಬಿದ್ದವರೆಲ್ಲ ಹಾಗೇ ಹೇಳುವುದು. ಬಾ, ನನ್ನ ಜೊತೆ ನಾಲ್ಕು ಮೆಟ್ಟಿಲು ಹತ್ತಿ ಇಳಿ.”

ಹತ್ತಿ ಇಳಿದರು. ಗುರುಗಳು ತಮ್ಮ ಕೈಯನ್ನು ಅವನಿಗೆ ಕೊಟ್ಟರು. ಮುದಿ ನಾಡಿ ಕರುವಿನ ಹಾಗೆ ಕುಣಿಯುತ್ತಿತ್ತು.

ಅಮರೇಶನದು ಮಾತ್ರ ಮೊದಲಿನಷ್ಟೇ ನಿಧಾನವಾಗಿತ್ತು. ಒಂದು ಬಡಿತ. ಕಾಯಬೇಕು. ಮತ್ತೊಂದು. ಅವನ ತುಟಿ ಬಿಳಿಚಿತ್ತು.

“ನಿನ್ನ ಮಾತು ಕೇಳುತ್ತದಲ್ಲ, ಈಗ ಜೋರು ಮಾಡು.”

ಅಮರೇಶ ಕಣ್ಣು ಮುಚ್ಚಿದ. ಬೆವರಿದ.

“ಆಗುತ್ತಿಲ್ಲ.”

“ಹುಲಿಗೆಪ್ಪಾ!” ಗುರುಗಳು ಅಂಬಿಗನನ್ನು ಕೂಗಿದರು. “ಹರಿಗೋಲು ಬಿಡು. ಆಸ್ಪತ್ರೆಗೆ ಹೋಗಬೇಕು.”

ಹೊಳೆಯ ನಡುವೆ ಗುರುಗಳು ಹೇಳಿದರು: “ಹೃದಯದ ಮೇಲಿನ ಕೋಣೆಯಲ್ಲಿ ತಾಳ ಹಾಕುವ ಒಂದು ಪುಟ್ಟ ಜಾಗವಿದೆ. ಓಡಿದರೆ ಬೇಗ, ಮಲಗಿದರೆ ನಿಧಾನ. ನಿನ್ನಲ್ಲಿ ಆ ತಾಳ ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲ ಅಂತ ಕಾಣುತ್ತದೆ. ಕೆಳಗಿನದು ಕಿವುಡನ ಹಾಗೆ ತನ್ನ ಪಾಡಿಗೆ ಬಡಿಯುತ್ತಿದೆ. ಅದೂ ಯಾವಾಗ ಸುಮ್ಮನಾದೀತೋ ತಿಳಿಯದು.”

“ಅದಕ್ಕೇನು ಮಾಡುತ್ತಾರೆ?”

“ಪೇಸ್‌ಮೇಕರ್ ಇಡುತ್ತಾರೆ. ಭುಜದ ಕೆಳಗೆ, ಚರ್ಮದಡಿ, ಸಣ್ಣದೊಂದು ಡಬ್ಬಿ. ಅಲ್ಲಿಂದ ಹೃದಯಕ್ಕೆ ತಂತಿ. ಬಡಿತ ತಡವಾದರೆ ಅದು ತಟ್ಟುತ್ತದೆ.”

ಅಮರೇಶ ಎದ್ದು ನಿಂತ. ಹರಿಗೋಲು ವಾಲಿತು.

“ತಿರುಗಿಸು! ಮೂರು ವರ್ಷ ಉಸಿರು ಕಟ್ಟಿದ್ದು ಬ್ಯಾಟರಿ ಹಾಕಿಸಿಕೊಳ್ಳುವುದಕ್ಕಾ?”

“ಅಜ್ಜಾರ, ತಿರುಗಿಸ್ಲೇನ್ರಿ?” ಹುಲಿಗೆಪ್ಪ ಗಾಬರಿಯಾದ.

“ಹುಟ್ಟು ಹಾಕೋ!”

ಅಷ್ಟರಲ್ಲಿ ಅಮರೇಶ ಕುಸಿದ. ಗುರುಗಳು ಅವನ ಕುತ್ತಿಗೆಗೆ ಬೆರಳಿಟ್ಟರು. ಏನೂ ಇಲ್ಲ. ಹುಲಿಗೆಪ್ಪನ ಹುಟ್ಟು ನೀರಿನಲ್ಲೇ ನಿಂತಿತು.

ಗುರುಗಳು ಮುಷ್ಟಿ ಬಿಗಿದು ಅಮರೇಶನ ಎದೆಗೆ ಗುದ್ದಿದರು. ಮತ್ತೆ ಗುದ್ದಿದರು.

ಒಂದು ಬಡಿತ.

ಬಹಳ ಹೊತ್ತಿನ ಮೇಲೆ, ಹಾಗೆನ್ನಿಸಿತು, ಇನ್ನೊಂದು.

“ಉಸಿರಾಡಾಕತ್ಯಾನ್ರಿ!” ಹುಲಿಗೆಪ್ಪ ಅಳುತ್ತ ಹುಟ್ಟು ಹಾಕಿದ.

ಆಚೆ ದಂಡೆಯಲ್ಲಿ ಆಶ್ರಮದ ಜೀಪು ನಿಂತಿತ್ತು. ಕಣ್ಣು ಬಿಟ್ಟ ಅಮರೇಶ ಹರಿಗೋಲಿನ ಅಂಚು ಬಿಗಿಯಾಗಿ ಹಿಡಿದುಕೊಂಡ. ಇಳಿಯಲೊಲ್ಲ.

“ಗುರುಗಳೇ, ಯಂತ್ರ ಬಡಿಸುವ ಹೃದಯ ನನ್ನದು ಹೇಗಾದೀತು?”

ಗುರುಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಇಷ್ಟು ದಿನ ಅದನ್ನು ಬಡಿಸುತ್ತಿದ್ದವನು ನೀನೇನು?”