ರಾಣಿ ತೋಡಿಸಿದ ಬಾವಿ

"ಕೇಳ್ರಪ್ಪೋ ಕೇಳಿ! ದೊರೆ ಒಡ್ಡುವ ಮೂರು ಒಗಟು ಬಿಡಿಸಿದವನಿಗೆ ದೊರೆಮಗಳು ನಾಗಲೆಯನ್ನು ಕೊಟ್ಟು ಮದುವೆ. ಒಂದು ತಪ್ಪಿದರೂ ತಲೆದಂಡ!" ಎಂದು ಊರೂರಲ್ಲಿ ಡಂಗುರ ಸಾರಿದರು.

ಅದು ಮನೆಗೊಂದು ಬಾವಿಯಿದ್ದ ಕಾಲ. ಬೆಳಗಾದರೆ ಬೀದಿ ತುಂಬ ರಾಟೆಗಳ ಕಿರಗುಟ್ಟುವ ಸದ್ದು. ಆ ಸದ್ದನ್ನು ಮತ್ತೊಮ್ಮೆ ಕೇಳಬೇಕೆಂದು ನನಗಂತೂ ಬಹಳ ಆಸೆ. ಆದರೆ ಆಗಿನವರ ಜಂಬವೇನು ಕಡಿಮೆಯೇ? ತಮ್ಮ ಬಾವಿಯ ನೀರೇ ಅಮೃತ, ಪಕ್ಕದವರದ್ದು ಕೊಚ್ಚೆ ಎನ್ನುತ್ತಿದ್ದರು. ರಾಣಿ ವಾಂತಿಭೇದಿಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಎಲ್ಲಿಗೋ ಹೋಗಿ ಬರುವ ದಾರಿಯಲ್ಲಿ ಯಾರದೋ ಬಾವಿಯ ನೀರು ಕುಡಿದದ್ದೇ ಕಾರಣವೆಂದು ದೊರೆ ನಂಬಿದ್ದ. ಅದಕ್ಕೇ ನೀರಿನ ಗುಣ ಬಲ್ಲ ಅಳಿಯನನ್ನು ಹುಡುಕುತ್ತಿದ್ದ.

"ಕಣ್ಣಿಗೆ ತಿಳಿ, ಬಾಯಿಗೆ ರುಚಿ, ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಎರವು. ಏನದು?" ಎಂದು ದೊರೆ ಮೊದಲ ಒಗಟು ಒಡ್ಡಿದ.

"ಹೆಂಡ!" ಎಂದ ಸಾಹುಕಾರನ ಮಗ. ತಲೆದಂಡದ ದಿನ ಬರುವವರೆಗೆ ಇರಲೆಂದು ಅವನನ್ನು ಸೆರೆಗೆ ನೂಕಿದರು.

ಮೊದಲನೆಯದನ್ನು ಹೇಗೋ ಬಿಡಿಸಿದ ದಳವಾಯಿಯ ಮಗನಿಗೆ ಎರಡನೆಯದು ಬಂತು. "ಮೇಲೆ ನೂರು ಬಾಯಿ, ಕೆಳಗೆ ಒಂದೇ ಹೊಟ್ಟೆ. ಏನದು?"

"ಆದಿಶೇಷ!" ಅವನೂ ಸೆರೆಗೆ ಹೋದ.

ಆಮೇಲೆ ಬಂದವನು ಬಾವಿಗಳ ಹೂಳೆತ್ತುವ ಚಿಕ್ಕೀರ. ಸಭೆಯವರು ಮುಸಿಮುಸಿ ನಕ್ಕರು.

"ಮೊದಲನೇದು ಕೆಟ್ಟ ನೀರು ಬುದ್ಧೀ. ಕೆಟ್ಟಿದ್ರೂ ಎಷ್ಟೋ ಸಲ ಕಾಣಲ್ಲ, ನಾರಲ್ಲ. ಎರಡನೇದು ಊರಿನ ಬಾವಿಗಳು. ಕಟ್ಟೆ ಬೇರೆಬೇರೆ, ನೆಲದಡಿಯ ಸೆಲೆ ಒಂದೇ. ಒಬ್ಬರ ತಿಪ್ಪೆ ಇನ್ನೊಬ್ಬರ ಬಾವಿಗೆ ಇಳೀತದೆ."

ದೊರೆ ಮುಂದಕ್ಕೆ ಬಾಗಿದ. "ನೆರೆಯವನ ಅಂಗಳದಲ್ಲಿ ಕಾಣುವುದು, ತನ್ನಂಗಳದಲ್ಲಿದ್ದರೂ ಕಾಣದ್ದು?"

"ಬಾವಿಯ ಕೊಳೆ."

"ಭಲೇ!" ದೊರೆ ನಕ್ಕ. "ಯಾರ ಬಾವಿಯಲ್ಲಿ ಕಂಡೆಯಪ್ಪಾ?"

ಚಿಕ್ಕೀರ ಕೈಮುಗಿದ. ಸುಮ್ಮನಿದ್ದರೆ ಮದುವೆ, ಬಾಯಿಬಿಟ್ಟರೆ ತಲೆ.

"ತಮ್ಮದರಲ್ಲೇ ಬುದ್ಧೀ. ಹೋದ ಬೇಸಗೇಲಿ ಹೂಳೆತ್ತುವಾಗ ಕಂಡೆ. ಕುದುರೆಲಾಯದ ಕಡೆಯ ಗೋಡೆಯಿಂದ ಲದ್ದಿಯ ನೀರು ಜಿನುಗ್ತಿತ್ತು. ಲಾಯ ನೋಡಿಕೊಳ್ಳೋ ಮೇಟಿಗೆ ಹೇಳಿದ್ದಕ್ಕೆ ಬೈದು ಕಳಿಸಿದರು."

ದೊರೆ ಕತ್ತಿಯ ಹಿಡಿಗೆ ಕೈಹಾಕಿದ. ಅದು ಮದುವೆಯಾದ ವರ್ಷ ರಾಣಿ ಆಸೆಪಟ್ಟು ತೋಡಿಸಿದ ಬಾವಿ. ಮೊದಲ ಕೊಡವನ್ನು ಅವಳೇ ಸೇದಿ, ನಗುತ್ತಾ ಅವನ ಬೊಗಸೆಗೆ ಸುರಿದಿದ್ದಳು. ಅದೆಲ್ಲ ದೊರೆಗೆ ಒಮ್ಮೆಲೇ ನೆನಪಾಯಿತು.

"ಹಾಗಾದರೆ ಅವಳನ್ನು ಕೊಂದದ್ದು ಆ ನೀರೇ?"

"ಅದು ನಂಗೊತ್ತಿಲ್ಲ ಬುದ್ಧೀ. ಆದ್ರೆ ನಾಗಲೆ ಅಮ್ಮಾವ್ರು ಇವತ್ತೂ ಅದನ್ನೇ ಕುಡೀತಾವ್ರೆ."

ದೊರೆ ಮಗಳತ್ತ ನೋಡಿದ. ಕತ್ತಿಯ ಮೇಲಿನ ಕೈ ಸಡಿಲಿತು. ಸೆರೆಯಲ್ಲಿದ್ದವರನ್ನು ಬಿಡಿಸಿದ, ಲಾಯವನ್ನು ಊರಾಚೆಗೆ ಸಾಗಿಸಿದ. ನಾಗಲೆ ಒಪ್ಪಿ ಚಿಕ್ಕೀರನ ಕೈಹಿಡಿದಳು. ಮದುವೆಯ ಅಡುಗೆಗೆ ನೀರು ಬೇಕಾದಾಗ ದೊರೆ ತಾನೇ ಕೊಡ ಹೊತ್ತು, ಅಳಿಯ ತೋರಿಸಿದ, ಸುತ್ತ ತಿಪ್ಪೆಯಿಲ್ಲದ ಕುಂಬಾರಗಿತ್ತಿಯ ಬಾವಿಗೆ ಹೋಗಿ, "ಒಂದು ಕೊಡ ನೀರು ಸೇದಿಕೊಳ್ಳಲೇನವ್ವಾ?" ಎಂದು ಕೇಳಿದ.