ಹಾಳುಬಾವಿಯ ವೀರ

"ಗುರುಗಳೇ, ನಾವು ಐವರು ಗೆಳೆಯರು ಸೇರಿ ಒಂದು ಸೂಪರ್‌ಹೀರೋ ಕತೆ ಬರೆಯುತ್ತಿದ್ದೇವೆ. ಒಬ್ಬೊಬ್ಬರದು ಒಂದೊಂದು ಪಾತ್ರ. ನಮ್ಮಲ್ಲೊಬ್ಬಳು ಹತ್ತು ದಿನದಿಂದ ಉತ್ತರವನ್ನೇ ಕೊಡುತ್ತಿಲ್ಲ. ಅವಳ ಪಾತ್ರ ಮುಂದೇನು ಮಾಡಬೇಕೆಂದು ನಾವೇ ನಿರ್ಧರಿಸಿಬಿಡಬಹುದೇ?" ಎಂದು ಶಿಷ್ಯ ಕೇಳಿದ.

ಕತೆ ಹೇಳುವುದೆಂದರೆ ಗುರುಗಳಿಗೆ ಹಬ್ಬ. ಕನ್ನಡಕ ತೆಗೆದು ಒರೆಸಿಕೊಂಡರು. "ಹಿಂದೆ ಮೂವರು ಹಾಗೇ ಮಾಡಿದರು. ಏನಾಯಿತು, ಊಹಿಸು ನೋಡೋಣ."

"ಪಾತ್ರ ಯಾರದೋ ಅವನಿಗೆ ಸಿಟ್ಟು ಬಂದಿರಬೇಕು."

"ಬಂದಿದ್ದರೆ ಚೆನ್ನಾಗಿತ್ತು," ಎಂದು ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ, ಒಬ್ಬ ಕಂಪೌಂಡರ್, ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ಮೇಷ್ಟ್ರು ಇದ್ದರು. ಪ್ರತಿ ಭಾನುವಾರ ವಾಚನಾಲಯದಲ್ಲಿ ಕೂತು ಒಂದೇ ನೋಟುಬುಕ್ಕಿನಲ್ಲಿ ಸರದಿಯಂತೆ ಕತೆ ಬರೆಯುತ್ತಿದ್ದರು. ಕಂಪೌಂಡರನ ವೀರ ಲಾರಿ ಎತ್ತುತ್ತಿದ್ದ. ರಿಪೇರಿಯವನ ವೀರ ಕಾಲವನ್ನೇ ನಿಲ್ಲಿಸುತ್ತಿದ್ದ. ಮೇಷ್ಟರ ವೀರ ಹಾರುತ್ತಿದ್ದ. ದರ್ಜಿಯ ವೀರನಿಗೆ ಎಷ್ಟೇ ದೂರದಲ್ಲಿ ಯಾರು ಕೂಗಿದರೂ ಕೇಳುತ್ತಿತ್ತು. ಆದರೆ ತನಗೆ ಕಷ್ಟ ಬಂದಾಗ ಕೂಗಲು ಅವನಿಗೆ ದನಿ ಇರಲಿಲ್ಲ.

ಅವರದೊಂದು ನಿಯಮವಿತ್ತು. ಇನ್ನೊಬ್ಬರ ವೀರನಿಂದ ಏನು ಮಾಡಿಸಬೇಕಾದರೂ ಆ ಮನುಷ್ಯನ ಮುಖ ನೋಡಿ ಕೇಳಬೇಕು. ಹಿಂದೊಮ್ಮೆ ಕಂಪೌಂಡರ್ ಯಾರನ್ನೂ ಕೇಳದೆ ರಿಪೇರಿಯವನ ವೀರನಿಗೆ ಮದುವೆ ಮಾಡಿಸಿದ್ದರಿಂದ ಇಬ್ಬರೂ ಒಂದು ತಿಂಗಳು ಮಾತು ಬಿಟ್ಟಿದ್ದರು. ನಿಯಮ ಹುಟ್ಟಿದ್ದು ಆಗ.

ಒಂದು ಭಾನುವಾರ ದರ್ಜಿ ತನ್ನ ವೀರನನ್ನು ಹಾಳುಬಾವಿಯಲ್ಲಿ ಬೀಳಿಸಿ ಬರೆದ.

"ಏನಯ್ಯಾ, ಊರವರ ಕೂಗೆಲ್ಲ ಕೇಳುತ್ತೆ, ತನಗೆ ಬೇಕಾದಾಗ ಬಾಯಿಲ್ಲ. ಇವನೆಂಥ ವೀರ?" ಎಂದ ಕಂಪೌಂಡರ್.

"ಕೂಗಿದರೆ ಯಾರಾದರೂ ಬರ್ತಾರೆ ಸ್ವಾಮಿ. ಕೂಗದೇ ಇದ್ರೆ ಯಾರು ಬರ್ತಾರೆ, ನೋಡಬೇಕಲ್ಲ," ಎಂದ ದರ್ಜಿ. ಬಲಗೈ ಜೋಮು ಹಿಡಿದಿದೆ ಎಂದು ಅಂದು ಬೇಗ ಎದ್ದ. ಕತ್ತರಿ ಹಿಡಿದೂ ಹಿಡಿದೂ ಹಾಗಾಗಿದೆ, ಎಣ್ಣೆ ತಿಕ್ಕು ಎಂದು ಕಂಪೌಂಡರ್ ಹೇಳಿ ಕಳಿಸಿದ.

ಮುಂದಿನ ಭಾನುವಾರ ದರ್ಜಿ ಬರಲಿಲ್ಲ. ಬಾವಿಯಲ್ಲಿ ಬಿದ್ದವನನ್ನು ಮೇಲೆತ್ತದೆ ಕತೆ ಮುಂದೆ ಹೋಗುವಂತಿರಲಿಲ್ಲ. ಬರೆಯುವ ಸರದಿ ಮೇಷ್ಟರದು. ನಿಯಮದಂತೆ ಯಾರಾದರೂ ಎದ್ದು ದರ್ಜಿಯ ಅಂಗಡಿಗೆ ಹೋಗಬೇಕಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ಒಂಟಿ ವಾಸ. ದೂರವೇನಿಲ್ಲ, ಎರಡು ಬೀದಿ.

"ಈ ಬಿಸಿಲಲ್ಲಿ ಯಾರು ಹೋಗ್ತಾರೆ? ಹೋದರೂ ಬೇಡ ಅಂತಾನೆ," ಎಂದ ಕಂಪೌಂಡರ್.

"ನಿಯಮ ಇದೆಯಲ್ಲಪ್ಪ," ಎಂದ ರಿಪೇರಿಯವನು.

"ಮಾಡಿದವರು ನಾವೇ ತಾನೇ? ತೆಗೆದುಹಾಕೋಣ. ಕೈ ಎತ್ತಿ."

ಮೂರು ಕೈ ಎದ್ದವು. ಮೇಷ್ಟ್ರು ಪುಟದ ತಲೆಯ ಮೇಲೆ ಎಂದಿನಂತೆ ತಾರೀಖು ಹಾಕಿ ಬರೆಯತೊಡಗಿದರು. ವೀರನಿಗೆ ದನಿ ಬಂತು. ಬಾವಿಯೊಳಗಿಂದ ಅವನು ಕೂಗಿದ. ಉಳಿದ ಮೂವರು ವೀರರು ಕಣ್ಣು ಮಿಟುಕಿಸುವುದರೊಳಗೆ ಧಾವಿಸಿ ಬಂದು ಅವನನ್ನು ಎತ್ತಿದರು. ಬಹಳ ಚೆನ್ನಾಗಿ ಬಂದಿದೆ ಎಂದು ಮೂವರಿಗೂ ಅನಿಸಿತು. ಮಂಡಕ್ಕಿ ತರಿಸಿ ತಿಂದು, ಮತ್ತೊಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ, ಸಂಜೆ ಮನೆಗೆ ಹೋದರು.

ಸೋಮವಾರ ಪಕ್ಕದ ಅಂಗಡಿಯವರು ದರ್ಜಿಯ ಬಾಗಿಲು ಒಡೆದರು. ಅವನು ಹೊಲಿಗೆ ಮಷೀನಿಗೂ ಬಾಗಿಲಿಗೂ ನಡುವೆ ಬಿದ್ದಿದ್ದ. ಶನಿವಾರ ರಾತ್ರಿ ಲಕ್ವ ಹೊಡೆದು ಮಾತು ನಿಂತಿದೆ, ಆದರೆ ಭಾನುವಾರ ಸಂಜೆಯವರೆಗೂ ಜೀವವಿತ್ತು ಎಂದರು ಡಾಕ್ಟರು. ಅಷ್ಟು ಹೊತ್ತಿನಲ್ಲಿ ಅವನು ಬಾಗಿಲಿನ ಕಡೆಗೆ ಮೂರು ಮೊಳ ತೆವಳಿದ್ದ.

ಗುರುಗಳು ಕನ್ನಡಕ ಹಾಕಿಕೊಂಡರು. ಶಿಷ್ಯ ಮೆಲ್ಲಗೆ, "ಆ ನೋಟುಬುಕ್ಕು ಏನಾಯಿತು ಗುರುಗಳೇ?" ಎಂದ.

ಅವರು ಎದ್ದು ಕಪಾಟಿನಿಂದ ಹಳೆಯ ನೋಟುಬುಕ್ಕೊಂದನ್ನು ತೆಗೆದು, ಒಂದು ಪುಟ ಬಿಡಿಸಿ, ಅವನ ಮುಂದಿಟ್ಟರು. ಅಕ್ಷರ ನೋಡುತ್ತಲೇ ಅದು ಯಾರದೆಂದು ಶಿಷ್ಯನಿಗೆ ತಿಳಿಯಿತು.

"ಓದು, ಪುಟದ ತಲೆಯ ಮೇಲೆ ನಾನೇ ಬರೆದಿದ್ದೇನೆ," ಎಂದರು ಗುರುಗಳು, "1987ನೇ ಇಸವಿ, ಫೆಬ್ರುವರಿ 8, ಭಾನುವಾರ."