ಹಾಸನದ ತುದಿಯ ನೂಲು

ಅದು ಭಾನುವಾರ ಮಧ್ಯಾಹ್ನ, ಊಟದ ಹೊತ್ತು. ಮೈಸೂರಿನ ಶ್ರೀವರ್ಧನ ತನ್ನ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ ಚೌಕಾಬಾರದ ಮಣೆಯೊಂದನ್ನು ಮಾಡಿಟ್ಟು, ಹಾಸನದಲ್ಲಿದ್ದ ಅತ್ತೆ ಚಂದ್ರಪ್ರಭಾ ಅವರೊಡನೆ ನೆಟ್‌ವರ್ಕಿನ ಮೂಲಕ ಆಡುತ್ತಿದ್ದ. ಸೋಲು ಖಚಿತವಾದಾಗ ಹಸಿವಾಯಿತೆಂದು ಆಟದ ವಿಂಡೋ ಮುಚ್ಚಿ ಎದ್ದುಹೋದ.

ಕೂಡಲೇ ಕಂಪ್ಯೂಟರಿನೊಳಗೆ ಮೆಮೊರಿ ಗುಡಿಸುವ ಪೊರಕೆ ಬಂತು. ಯಾರೂ ಹಿಡಿದಿರದ ವಸ್ತುಗಳನ್ನು ಗುಡಿಸಿ ಹಾಕುವುದೇ ಅದರ ಕೆಲಸ.

“ಏಳಪ್ಪಾ ಮಣೆ, ನಿನ್ನನ್ನು ಇಲ್ಲಿ ಯಾರೂ ಹಿಡಿದಿಲ್ಲ,” ಎಂದಿತು.

“ಇಲ್ಲಿ ಹಿಡಿದಿಲ್ಲ, ನಿಜ. ಆದರೆ ನನ್ನಿಂದ ಹೊರಟ ನೂಲೊಂದು ಹಾಸನದಲ್ಲಿ ಅತ್ತೆಯವರ ಕೈಯಲ್ಲಿದೆ. ಅವರು ಅಲ್ಲಿ ಎಳೆದರೆ ಕಾಯಿ ಇಲ್ಲಿ ನಡೆಯುತ್ತದೆ.”

“ನಿನ್ನ ನಕಲನ್ನೇ ಅಲ್ಲಿಗೆ ಕಳಿಸಿದ್ದರೆ ಈ ತಾಪತ್ರಯ ಇರುತ್ತಿತ್ತೇ?”

“ಎರಡು ಮಣೆಯಾದರೆ ತಂತಮ್ಮ ಮಣೆಯಲ್ಲಿ ಇಬ್ಬರೂ ಗೆಲ್ಲುತ್ತಾರೆ, ಪೊರಕೆರಾಯರೇ. ಆಮೇಲೆ ಜಗಳ ಬಿಡಿಸಲು ನೀವೇ ಬರಬೇಕು.”

“ಮಾತೇನೋ ಚೆನ್ನಾಗಿದೆ. ನನಗೆ ಯಾವ ನೂಲೂ ಕಾಣುತ್ತಿಲ್ಲ,” ಎಂದು ಪೊರಕೆ ಮಣೆಯ ಅಂಚಿಗೆ ಕೈ ಹಾಕಿತು.

“ಬಾಗಿಲ ಹತ್ತಿರ ನೋಡಿ! ಅವರಿಗೆ ಹಣ್ಣಾಗಬೇಕಾದದ್ದು ಒಂದೇ ಕಾಯಿ. ಈಗ ನಾನು ಹೋದರೆ ಅವರ ಗೆಲುವೂ ಹೋಗುತ್ತದೆ.”

ಪೊರಕೆ ಗೊಣಗುತ್ತಲೇ ನೆಟ್‌ವರ್ಕಿನ ಬಾಗಿಲಿಗೆ ಹೋಗಿ ತಡವಿತು. ಅಷ್ಟರಲ್ಲಿ ನೂಲು ಜಗ್ಗಿತು. ಮಣೆಯ ಮೇಲೆ ಕವಡೆ ಉರುಳಿದವು. ಅತ್ತೆಯ ಕೊನೆಯ ಕಾಯಿ ನಡುವಿನ ಮನೆ ಸೇರಿ ಹಣ್ಣಾಯಿತು.

“ಗೆದ್ದರು!” ಎಂದು ಮಣೆ ಕೂಗಿತು.

ಪೊರಕೆ ಹಿಂದೆ ಸರಿದು ತನ್ನ ಎಣಿಕೆಯನ್ನು ತಿದ್ದಿಕೊಂಡಿತು. ಮೈಸೂರಿನಲ್ಲಿ ಹಿಡಿದವರು ಸೊನ್ನೆ, ಹಾಸನದಲ್ಲಿ ಒಂದು. ಒಟ್ಟು ಒಂದು.